ಮುರಕಲ್ಲಿನ ಗೋಡೆಯಿಂದ ಸಿಮೆಂಟು ಕಿತ್ತು ಸುಣ್ಣದ ಗಾರೆ ಹಾಕಿದ್ದು

ಮೊದಲು ಗೋಡೆಯ ಪರಿಚಯ ಮಾಡಿಕೊಡುತ್ತೇನೆ. ಗೋವಾದ ಫೋಂಡಾ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ಮುಂದೆ ಕಾರು ಬಂದರೆ ಸ್ಕೂಟರು ಪಕ್ಕಕ್ಕೆ ನಿಲ್ಲಬೇಕಾದಷ್ಟು ರಸ್ತೆ. ಮನೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು; ಇಲ್ಲಿಯವರು ಆ ಕಲ್ಲಿಗೆ ಚಿರೆ ಎನ್ನುತ್ತಾರೆ. ಮಾಡಿಗೆ ಮಂಗಳೂರು ಹೆಂಚು. ಪುತ್ತೂರಿನಲ್ಲಿ ಹುಟ್ಟಿ, ವಾಸ್ಕೊದ ಕಾಂಕ್ರೀಟು ಫ್ಲ್ಯಾಟಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ನನಗೆ ಈ ಮನೆಯೊಳಗೆ ಕಾಲಿಟ್ಟ ಕೂಡಲೇ ಅಜ್ಜನ ಮನೆಯ ವಾಸನೆ ಬಂತು. ಅದು ಗೋಡೆಯ ತೇವದ ವಾಸನೆ ಎಂದು ಅರ್ಥವಾಗಲು ಒಂದು ಮಳೆಗಾಲ ಬೇಕಾಯಿತು.

ಮಲಗುವ ಕೋಣೆಯ ಪಶ್ಚಿಮದ ಗೋಡೆ 4.2 ಮೀಟರ್ ಉದ್ದವಿದೆ. ಸೆಪ್ಟೆಂಬರ್ ಹೊತ್ತಿಗೆ ನೆಲದಿಂದ 110 ಸೆಂಟಿಮೀಟರ್ ಎತ್ತರದವರೆಗೆ ಬಣ್ಣ ಗುಳ್ಳೆಯೆದ್ದು, ಗುಳ್ಳೆ ಒಡೆದು, ಬಿಳಿ ಹಿಟ್ಟು ಉದುರುತ್ತಿತ್ತು. ಇಲ್ಲಿನ ಮೇಸ್ತ್ರಿಗಳು ಲೋಣಾ ಎನ್ನುವುದು ಇದನ್ನೇ. ಕಪಾಟಿನ ಹಿಂಬದಿಯಲ್ಲಿ ಬೂಸ್ಟು. ವಾಟರ್‌ಪ್ರೂಫಿಂಗ್ ಮಾಡುವವರೊಬ್ಬರು ಬಂದು ಬೆರಳಿನಿಂದ ತಟ್ಟಿ ನೋಡಿ, ಹಳೆಯ ಪ್ಲಾಸ್ಟರು ಕೆರೆದು ಮೂರು ಕೋಟು ರಾಸಾಯನಿಕ ಬಳಿದರೆ ಹತ್ತು ವರ್ಷ ಚಿಂತೆಯಿಲ್ಲ ಎಂದರು. ಇಪ್ಪತ್ತೆರಡು ಸಾವಿರ ರೂಪಾಯಿ. ನಾನು ಹೂಂ ಎನ್ನುವವನೇ ಇದ್ದೆ. ಅವರು ಹೋದ ಮೇಲೆ ಸ್ಕ್ರೂಡ್ರೈವರಿನಿಂದ ಒಂದು ಮೂಲೆಯನ್ನು ಕೆದಕಿದೆ. ಬಣ್ಣ, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ರಬ್ಬರಿನಂಥ ಬೂದು ಪದರ, ಅದರ ಕೆಳಗೆ ಸಿಮೆಂಟು, ಮತ್ತೆ ಒಂದು ಸಿಮೆಂಟು, ಕಟ್ಟಕಡೆಗೆ ಒದ್ದೆ ಕಲ್ಲು. ಆ ಬೂದು ಪದರ ಅವರು ಹೇಳಿದ ಮದ್ದಿನ ಹಳೆಯ ಡೋಸು. ಅಂದರೆ ಈ ಗೋಡೆಗೆ ಕಡಿಮೆಯೆಂದರೂ ಎರಡು ಸಲ ಇದೇ ಚಿಕಿತ್ಸೆ ಆಗಿದೆ. ಎರಡು ಸಲವೂ ಕಾಯಿಲೆ ಗೆದ್ದಿದೆ.

ಒಂದು ಚಿಕ್ಕ ಪರೀಕ್ಷೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿದೆ. ಒಂದು ದಿನ ಬಿಟ್ಟು ನೋಡಿದರೆ ಕೋಣೆಯ ಕಡೆಗಿನ ಮುಖ ಒಣಗಿತ್ತು, ಗೋಡೆಯ ಕಡೆ ಹನಿಗಳು ಸಾಲುಗಟ್ಟಿದ್ದವು. ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ. ಕೋಣೆಯ ಗಾಳಿಯ ತೇವವಾಗಿದ್ದರೆ ಹನಿ ಹೊರಮುಖದಲ್ಲಿ ಕಟ್ಟುತ್ತಿತ್ತು.

ಮುರಕಲ್ಲು ರಂಧ್ರಗಳ ಕಲ್ಲು. ನೆಲದ ನೀರನ್ನು ದೀಪದ ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆ ಹೀರುತ್ತದೆ. ಹಳೆಯ ಮನೆಗಳ ಅಡಿಪಾಯದಲ್ಲಿ ಅದನ್ನು ತಡೆಯುವ ಪದರವಿಲ್ಲ. ಆದರೂ ಅವು ಇಷ್ಟು ಕಾಲ ನಿಂತದ್ದು ಸುಣ್ಣದ ಗಾರೆಯ ಮೂಲಕ ಆ ನೀರು ಗಾಳಿಗೆ ಆರಿಹೋಗುತ್ತಿದ್ದುದರಿಂದ. ಮೇಲೆ ಸಿಮೆಂಟು ಮೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದಾಗ ನೀರಿಗೆ ಹೊರದಾರಿ ಮುಚ್ಚುತ್ತದೆ; ಅದು ಇನ್ನಷ್ಟು ಮೇಲೇರಿ ದಾರಿ ಹುಡುಕುತ್ತದೆ. ಜತೆಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಒದ್ದು ಬೀಳಿಸುತ್ತದೆ. ನಾವು ಮತ್ತೆ ಸಿಮೆಂಟು ತರುತ್ತೇವೆ.

ಹೀಗಾಗಿ ಡಿಸೆಂಬರಿನಲ್ಲಿ ಕೆಲಸ ಶುರುವಾದದ್ದು ಗೋಡೆಯಿಂದಲ್ಲ, ಅಂಗಳದಿಂದ. ಯಾರೋ ಪುಣ್ಯಾತ್ಮರು ಗೋಡೆಗೆ ಅಂಟಿಕೊಂಡಂತೆ ಮೂರಡಿ ಅಗಲದ ಕಾಂಕ್ರೀಟು ದಾರಿ ಮಾಡಿಸಿದ್ದರು. ಅದರ ಇಳಿಜಾರು ಗೋಡೆಯ ಕಡೆಗೇ. ಸೂರಿನಿಂದ ಬಿದ್ದ ನೀರು ಕಾಂಕ್ರೀಟಿನ ಮೇಲೆ ಚಿಮ್ಮಿ ಗೋಡೆಗೆ, ಉಳಿದದ್ದು ಹರಿದು ಗೋಡೆಯ ಬುಡಕ್ಕೆ. ಗೋವಾದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ಗೋಡೆ ಏನು ಕುಡಿದಿರಬೇಕು ಎಂದು ನೀವೇ ಅಂದಾಜು ಮಾಡಿ. ಗೋಡೆಯ ಪಕ್ಕದ ಒಂದಡಿ ಅಗಲವನ್ನು ಒಡೆಸಿದೆ. 40 ಸೆಂಟಿಮೀಟರ್ ಆಳಕ್ಕೆ ಅಗೆದು, ಅಡಿಪಾಯದ ತಳಕ್ಕಿಂತ ಮೇಲೆಯೇ ನಿಲ್ಲಿಸಿ, ತೋಟದ ಕಡೆಗೆ ಇಳಿಜಾರು ಕೊಟ್ಟು, ಜಲ್ಲಿ ಮತ್ತು ಮುರಕಲ್ಲಿನ ಚೂರು ತುಂಬಿದೆವು. ಸೂರಿಗೆ ತಗಡಿನ ದೋಣಿ ಕಟ್ಟಿಸಿದೆ. ಒಡೆದ ಕಾಂಕ್ರೀಟಿನ ಚಪ್ಪಡಿಗಳು ತೋಟದಲ್ಲಿ ಮೆಟ್ಟುಗಲ್ಲುಗಳಾದವು. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಈಗ ನನಗೆ ಅನ್ನಿಸುತ್ತದೆ. ಜಲ್ಲಿ, ದೋಣಿಯ ದುಡ್ಡು ಬಿಟ್ಟರೆ ಗುದ್ದಲಿ ಮತ್ತು ಎರಡು ದಿನದ ಬೆನ್ನುನೋವು, ಅಷ್ಟೇ ಖರ್ಚು.

ಗೌಂಡಿ ಸಿಕ್ಕಿದ್ದು ಫೋಂಡಾದ ಬಸ್ ನಿಲ್ದಾಣದ ಹತ್ತಿರ. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂಲಿಗೆ ನಿಲ್ಲುವವರಲ್ಲಿ ಬಾಗಲಕೋಟೆ, ವಿಜಯಪುರ, ಗದಗಿನ ಕನ್ನಡವೇ ಹೆಚ್ಚು ಕೇಳಿಸುತ್ತದೆ. ಸುಣ್ಣದ ಕೆಲಸ ಬರುತ್ತದೆಯೇ ಎಂದು ಕೇಳುತ್ತಾ ಹೋದೆ. ಹೆಚ್ಚಿನವರು ಸುಣ್ಣ ಬಳಿಯುವುದು ಎಂದುಕೊಂಡರು. ಬಾದಾಮಿ ಕಡೆಯ ಒಬ್ಬರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಗಚ್ಚಿನ ಕೆಲಸವೇ?’ ಎಂದು ಕೇಳಿದರು. ಅವರ ತಂದೆ ಎತ್ತು ಕಟ್ಟಿ ಕಲ್ಲಿನ ಗಾಣದಲ್ಲಿ ಗಚ್ಚು, ಅಂದರೆ ಸುಣ್ಣದ ಗಾರೆ, ಅರೆದವರು. ಇವರು ಹುಡುಗನಾಗಿದ್ದಾಗ ಎತ್ತಿನ ಹಿಂದೆ ಸುತ್ತು ಹಾಕಿದ್ದರಂತೆ. ಹದಿನೆಂಟು ವರ್ಷದಿಂದ ಗೋವಾದಲ್ಲಿ ಸಿಮೆಂಟೇ ಕೆಲಸ. ಗಾರೆ ಎಂಬ ನಮ್ಮ ಪದದ ಹಣೆಬರಹವೂ ಇದೇ ಅಲ್ಲವೇ? ಮಾತಿನಲ್ಲಿ ಗಾರೆ ಕೆಲಸ ಉಳಿಯಿತು, ಬಾಣಲಿಯಿಂದ ಸುಣ್ಣ ಹೋಯಿತು.

ಸಿಮೆಂಟು ಕೀಳುವಾಗ ನಾನು ಮೊದಲ ತಪ್ಪು ಮಾಡಿದೆ. ಬಾಡಿಗೆಗೆ ಡ್ರಿಲ್ ತಂದು, ಗೌಂಡಿ ಬರುವ ಮೊದಲೇ ಶೂರನಾದೆ. ಅರ್ಧ ಗಂಟೆಯಲ್ಲಿ ಒಂದು ಚದರ ಮೀಟರ್ ಪ್ಲಾಸ್ಟರು ಬಿತ್ತು, ಅದರ ಬೆನ್ನಿಗೆ ಅಂಟಿಕೊಂಡು ಕಲ್ಲಿನ ಮುಖವೂ ಬಿತ್ತು. ಮುರಕಲ್ಲು ನೆಲದಿಂದ ಅಗೆದಾಗ ಮಿದು, ಗಾಳಿಗೆ ಬಿಟ್ಟಂತೆ ಗಟ್ಟಿ. 1800-01ರಲ್ಲಿ ನಮ್ಮ ಕರಾವಳಿಯಲ್ಲಿ ಓಡಾಡಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಈ ಗುಣವನ್ನು ಗುರುತಿಸಿದ್ದ. ವರ್ಷಗಟ್ಟಲೆ ಒದ್ದೆಯಾಗಿಯೇ ಇದ್ದ ನನ್ನ ಕಲ್ಲು ಬೆಲ್ಲದಚ್ಚಿನಂತಾಗಿತ್ತು. ಗೌಂಡಿ ಬಂದು ನೋಡಿ ಏನೂ ಹೇಳದೆ ಡ್ರಿಲ್ಲಿನ ಪ್ಲಗ್ ಕಿತ್ತರು. ಉಳಿದದ್ದನ್ನು ಉಳಿ, ಸುತ್ತಿಗೆ ಹಿಡಿದು, ಅಂಚಿನಿಂದ ಸಡಿಲಿಸುತ್ತಾ ನಾಲ್ಕು ದಿನದಲ್ಲಿ ತೆಗೆದೆವು. ಒಳಗೆ ಒಂದೂವರೆ ಮೀಟರ್ ಎತ್ತರದವರೆಗೆ, ಹೊರಗೆ ಬುಡದ 60 ಸೆಂಟಿಮೀಟರ್. ಎರಡು ಕಡೆ ಸಿಮೆಂಟು ಕಲ್ಲನ್ನು ಬಿಡಲೇ ಇಲ್ಲ. ಹಠ ಮಾಡದೆ ಹಾಗೇ ಬಿಟ್ಟೆವು. ಮೂಗಿಗೆ ಮಾಸ್ಕು ಕಟ್ಟಿಕೊಳ್ಳಿ, ಗೋಡೆಗೆ ನೀರು ಚಿಮುಕಿಸುತ್ತಾ ಕೆಲಸ ಮಾಡಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕಲ್ಲು ಬಯಲಾದ ಮೇಲೆ ಬಂದವರೆಲ್ಲರ ಸಲಹೆ ಒಂದೇ: ಹೀಗೇ ಬಿಡಿ, ರೆಸಾರ್ಟಿನಂತೆ ಚೆನ್ನಾಗಿ ಕಾಣುತ್ತದೆ. ನನಗೂ ಆಸೆಯಾಯಿತು. ಆಗ ನೆನಪಾದದ್ದು ಹಳೆ ಗೋವಾದ ಬೊಮ್ ಜೀಸಸ್ ಬಸಿಲಿಕ. 1605ರ ಆ ಇಗರ್ಜಿಯ ಹೊರಗೋಡೆಗಳ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಕೆರೆದು ತೆಗೆದರು. ಪ್ರವಾಸಿಗರು ಈಗ ಫೋಟೋ ತೆಗೆಯುವ ಕೆಂಪು ಕಲ್ಲಿನ ಗಾಂಭೀರ್ಯ ಕಟ್ಟಿದವರ ಕಲ್ಪನೆಯಲ್ಲಿ ಇರಲೇ ಇಲ್ಲ. ಅಂದಿನಿಂದ ಮಳೆ ಆ ಕಲ್ಲನ್ನು ತಿನ್ನುತ್ತಿದೆ, ಮತ್ತೆ ಗಾರೆ ಹಾಕಬೇಕೇ ಬೇಡವೇ ಎಂಬ ಚರ್ಚೆ ನಡೆದೇ ಇದೆ. ಬಸಿಲಿಕಕ್ಕೆ ನೋಡಿಕೊಳ್ಳಲು ಪುರಾತತ್ವ ಇಲಾಖೆ ಇದೆ. ನನ್ನ ಗೋಡೆಗೆ ನಾನೊಬ್ಬನೇ.

ಗೋಡೆಯನ್ನು ಆರು ವಾರ ಬರಿದೇ ಬಿಟ್ಟೆವು. ಇದನ್ನು ಬರೆಯುವುದು ಸುಲಭ. ಆರು ವಾರ ಹಾಲಿನಲ್ಲಿ ಮಲಗಿದ ಮನೆಯವರ ಅಭಿಪ್ರಾಯ ಬೇರೆ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಮೊರದಲ್ಲಿ ಹಿಡಿದು ಹೊರಗೆ ಹಾಕಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ವಾಪಸು ಕಲ್ಲಿನೊಳಗೆ ಹೋಗುತ್ತದೆ. ಹೆಚ್ಚು ಉಪ್ಪಿದ್ದ ಜಾಗಕ್ಕೆ ಹಳೆಯ ಕನ್ನಡ ಪತ್ರಿಕೆಗಳನ್ನು ನೆನೆಸಿ ಅರೆದು, ರೊಟ್ಟಿಯಷ್ಟು ದಪ್ಪಕ್ಕೆ ತಟ್ಟಿದೆ. ಒಣಗುವಾಗ ಆ ಮುದ್ದೆ ಕಲ್ಲಿನ ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಸುಲಿದು ಎಸೆಯುವುದು. ಎರಡು ಸಲ ಮಾಡಿದೆ.

ಈ ಆರು ವಾರದಲ್ಲಿ ಸುಣ್ಣವೂ ಹದವಾಗುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ಸುಣ್ಣದ ಪುಡಿ ಎಷ್ಟು ದಿನದ ಹಿಂದಿನದೋ ಗೊತ್ತಿಲ್ಲ. ಗಾಳಿ ಕುಡಿದ ಪುಡಿ ಅರ್ಧ ಸೀಮೆಸುಣ್ಣವಾಗಿರುತ್ತದೆ. ಗೌಂಡಿ ಊರಿಗೆ ಹೋದವರು 40 ಕಿಲೋ ಸುಟ್ಟ ಸುಣ್ಣದ ಗಟ್ಟಿ ತಂದುಕೊಟ್ಟರು. ಬಾಗಲಕೋಟೆ ಕಡೆ ಸುಣ್ಣದ ಕಲ್ಲಿಗೇನು ಬರವೇ? ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮಿನಲ್ಲಿ ಅರ್ಧ ನೀರು ತುಂಬಿ, ಗಟ್ಟಿಗಳನ್ನು ಒಂದೊಂದಾಗಿ ಇಳಿಬಿಟ್ಟೆವು. ಮೊದಲು ಸುಮ್ಮನಿರುತ್ತದೆ. ಆಮೇಲೆ ಕಲ್ಲು ಬಿರಿಯುತ್ತದೆ, ನೀರು ಕೊತಕೊತ ಕುದಿಯುತ್ತದೆ. ಕನ್ನಡದಲ್ಲಿ ಇದಕ್ಕೆ ಸುಣ್ಣ ಅರಳಿಸುವುದು ಎಂಬ ಹೆಸರಿಟ್ಟವರು ಅದನ್ನು ಕಣ್ಣಾರೆ ಕಂಡೇ ಇಟ್ಟಿರಬೇಕು. ಲೆಕ್ಕದ ಪ್ರಕಾರ 40 ಕಿಲೋ ಸುಟ್ಟ ಸುಣ್ಣ ಸುಮಾರು 13 ಲೀಟರ್ ನೀರನ್ನು ತನ್ನ ಮೈಗೇ ಸೇರಿಸಿಕೊಳ್ಳುತ್ತದೆ. ಆವಿಯಾದದ್ದು, ಮೇಲೆ ನಿಂತದ್ದು ಬೇರೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಹೊಯ್ಯಬಾರದು. ಪ್ಲಾಸ್ಟಿಕ್ ಡ್ರಮ್ಮು ಬೇಡ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಹತ್ತಿರದಲ್ಲಿ ಒಂದು ಕೊಡ ಶುದ್ಧ ನೀರು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಪಕ್ಷಪಾತದ ಕುರಿತಾದರೂ ಅದರ ಎರಡನೆಯ ಭಾಗವನ್ನು ಅಕ್ಷರಶಃ ಓದಿ ಭಯಪಡುವುದು ಒಳ್ಳೆಯದು. ಮಕ್ಕಳನ್ನು, ನಾಯಿಯನ್ನು ಅಂದು ಆ ಕಡೆ ಬಿಡಬೇಡಿ.

ತಣಿದ ಮೇಲೆ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟೆವು. ಒಂದು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಬೆಣ್ಣೆ. ಸುಮಾರು 80 ಲೀಟರ್ ಆಗಿತ್ತು.

ಜತೆಗೆ ಬೇಕಾದದ್ದು ಮರಳು ಮತ್ತು ಸುರ್ಕಿ. ಮರಳನ್ನು ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟು ನೋಡಿ: ಮೇಲೆ ಕೆಸರಿನ ಪದರ ದಪ್ಪಗೆ ಕೂತರೆ ತೊಳೆಯಬೇಕು. ಸಮುದ್ರದ ಮರಳು ಖಂಡಿತ ಬೇಡ. ಉಪ್ಪನ್ನು ಓಡಿಸಲು ಹೊರಟವರು ಅದನ್ನೇ ಮನೆಗೆ ತರಬಾರದು. ಸುರ್ಕಿ ಎಂದರೆ ಇಟ್ಟಿಗೆಯ ಪುಡಿ. ಅದು ನನ್ನ ಹಿತ್ತಿಲಲ್ಲೇ ಇತ್ತು, ಒಡೆದ ಹೆಂಚಿನ ರೂಪದಲ್ಲಿ. ರಾಶಿಯಲ್ಲಿ ಕೈಯಾಡಿಸಿದಾಗ ಒಂದು ಚೂರಿನ ಬೆನ್ನಿನ ಮೇಲೆ ಮಂಗಳೂರು ಎಂಬ ಇಂಗ್ಲಿಷ್ ಅಕ್ಷರಗಳು ಅರ್ಧ ಉಳಿದಿದ್ದವು. 1865ರಲ್ಲಿ ನೇತ್ರಾವತಿಯ ದಡದಲ್ಲಿ ಬಾಸೆಲ್ ಮಿಶನ್ ಶುರು ಮಾಡಿದ ಹೆಂಚಿನ ಉದ್ಯಮ ಈ ಮನೆಯ ಮಾಡನ್ನೂ ಮುಟ್ಟಿತ್ತು. ಅದೇ ಜಿಲ್ಲೆಯ ನಾನೀಗ ಅದನ್ನು ಕುಟ್ಟಿ ಪುಡಿ ಮಾಡುತ್ತಿದ್ದೆ. ಸಣ್ಣ ಪಾಪಪ್ರಜ್ಞೆ ಕಾಡಿತು. ಅಕ್ಷರವಿದ್ದ ಚೂರನ್ನು ಎತ್ತಿಟ್ಟೆ. ಬಿರುಕಿಲ್ಲದ ಹೆಂಚುಗಳನ್ನೂ ಮುಟ್ಟಲಿಲ್ಲ, ಮಾಡಿಗೆ ಬೇಕಾಗುತ್ತವೆ. ಸುಟ್ಟ ಜೇಡಿಯ ಈ ನುಣುಪು ಪುಡಿ ಸುಣ್ಣದೊಡನೆ ತೇವದಲ್ಲೇ ಬೆರೆತು ಗಟ್ಟಿಯಾಗುತ್ತದೆ. ಬರೀ ಸುಣ್ಣ ಗಟ್ಟಿಯಾಗಲು ಗಾಳಿಯನ್ನೇ ಕಾಯಬೇಕು. ತೇವದ ಗೋಡೆಗೆ, ಕರಾವಳಿಯ ಹವೆಗೆ ಸುರ್ಕಿಯಿಲ್ಲದೆ ಕೈ ಹಾಕಬೇಡಿ ಎಂದು ಗೌಂಡಿ ಹೇಳಿದ್ದು ಸರಿ.

ಅಳತೆ: ಒಂದು ಪಾಲು ಸುಣ್ಣದ ಬೆಣ್ಣೆ, ಎರಡು ಪಾಲು ಮರಳು, ಒಂದು ಪಾಲು ಸುರ್ಕಿ. ಗಾಣವಿಲ್ಲದ ಕಾರಣ ಹಳೆಯ ಕಲ್ಲಿನ ದೋಣಿಯಲ್ಲಿ ಒನಕೆಯಿಂದ ಕುಟ್ಟಿದೆವು. ಮೊದಲು ಉದುರುದುರಾಗಿ ಕಾಣುತ್ತದೆ, ನೀರು ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ಕುಟ್ಟುತ್ತಾ ಹೋದಂತೆ ಸುಣ್ಣದೊಳಗಿನ ನೀರೇ ಹೊರಬಂದು ಮುದ್ದೆ ಕರಣೆಗೆ ಅಂಟಿ ನಿಲ್ಲುತ್ತದೆ. ಹೆಚ್ಚು ನೀರು ಹಾಕಿದಷ್ಟೂ ಬಿರುಕು ಹೆಚ್ಚು.

ಫೆಬ್ರವರಿ ಮೊದಲ ವಾರ ಗೋಡೆಗೆ ಚೆನ್ನಾಗಿ ನೀರು ಕುಡಿಸಿ, ನನ್ನ ಡ್ರಿಲ್ಲಿನ ಪರಾಕ್ರಮದ ಹೊಂಡಗಳಿಗೆ ಹೆಂಚಿನ ಚೂರು ಒತ್ತಿ ತುಂಬಿ, ಮೊದಲ ಕೋಟನ್ನು ಬೆರಳಿನ ಅರ್ಧ ದಪ್ಪಕ್ಕೆ ಎರಚಿದೆವು. ಎರಡನೆಯ ತಪ್ಪು ಇಲ್ಲಿ. ಬೇಗ ಒಣಗಲಿ ಎಂದು ನಾನು ಪೂರ್ವದ ಕಿಟಕಿ ತೆರೆದಿಟ್ಟು ಕೆಲಸಕ್ಕೆ ಹೋದೆ. ಬೆಳಗಿನ ಬಿಸಿಲು ನೇರ ಗೋಡೆಗೆ ಬಿತ್ತು. ಸಂಜೆ ಬಂದು ಎಣಿಸಿದರೆ ಹದಿನೇಳು ಬಿರುಕು. ಸಿಮೆಂಟಾಗಿದ್ದರೆ ಕಿತ್ತು ಬಿಸಾಡಬೇಕಿತ್ತು. ಗೌಂಡಿ ನೀರು ಚಿಮುಕಿಸಿ, ಮರದ ಹಲಗೆಯಿಂದ ಒತ್ತಿ ಒತ್ತಿ ತಿಕ್ಕಿದರು. ಇನ್ನೂ ಮಿದುವಾಗಿದ್ದ ಗಾರೆ ಮುಚ್ಚಿಕೊಂಡಿತು. ಆಮೇಲೆ ಗೋಡೆಯ ಮುಂದೆ ಒದ್ದೆ ಗೋಣಿತಾಟು ನೇತುಹಾಕಿ, ದಿನಕ್ಕೆ ಮೂರು ಸಲ ಮಂಜಿನಂತೆ ನೀರು ಹೊಡೆದೆ. ಎರಡನೆಯ ಕೋಟು ಹನ್ನೆರಡು ದಿನದ ಮೇಲೆ. ಮೂರನೆಯದು, ಎರಡೇ ಮಿಲಿಮೀಟರಿನ ನುಣುಪು, ಮಾರ್ಚ್ ಮೊದಲಲ್ಲಿ. ಅದಕ್ಕೆ ಗೌಂಡಿ ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರು ಬೇಕೇ ಬೇಕು ಎಂದರು. ಕರಣೆ ನುಣ್ಣಗೆ ಜಾರಿದ್ದು ನಿಜ. ಆ ರಾತ್ರಿ ಊರಿನ ಇರುವೆಗಳೆಲ್ಲ ಗೋಡೆಯ ಪರಿಶೀಲನೆಗೆ ಬಂದದ್ದೂ ನಿಜ. ಮೂರು ದಿನ ನೆಕ್ಕಿ ತಾವಾಗಿಯೇ ಹೋದವು.

ಗಾರೆ ಎಷ್ಟು ಒಳಗಿನವರೆಗೆ ಕಲ್ಲಾಗಿದೆ ಎಂದು ತಿಳಿಯಲು ಪ್ರಯೋಗಾಲಯದ ದ್ರಾವಣ ಬೇಡ, ಅಡುಗೆಮನೆಯ ಅರಿಸಿನ ಸಾಕು. ಆರತಿಯ ನೀರಿಗೆ ಅರಿಸಿನ ಮತ್ತು ಸುಣ್ಣ ಬೆರೆಸಿ ಕೆಂಪು ಮಾಡುವುದನ್ನು ನೋಡದ ಕನ್ನಡಿಗರುಂಟೇ? ಏಪ್ರಿಲಿನಲ್ಲಿ ಮೂಲೆಯ ಒಂದು ಚಕ್ಕೆ ಎಬ್ಬಿಸಿ, ಮುರಿದ ಅಂಚಿಗೆ ಅರಿಸಿನದ ನೀರು ಹಚ್ಚಿದೆ. ಮೇಲಿನ ತೆಳು ಗೆರೆ ಹಳದಿಗೆ ಹತ್ತಿರ ಉಳಿಯಿತು, ಒಳಗೆಲ್ಲ ಓಕುಳಿ. ಹಳದಿಯ ಭಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗಿದೆ. ಕೆಂಪಾದದ್ದು ಇನ್ನೂ ಹಸಿ. ಹೊರಗಿನಿಂದ ಒಳಕ್ಕೆ ಈ ಪಯಣ ತಿಂಗಳಿಗೆ ಹೆಚ್ಚೆಂದರೆ ಮಿಲಿಮೀಟರಿನ ಲೆಕ್ಕ.

ಪರಿಸರದ ಲೆಕ್ಕವನ್ನೂ ಇಲ್ಲೇ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಸುಣ್ಣವನ್ನು ಪತಿವ್ರತೆಯಂತೆ ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ನನ್ನ 40 ಕಿಲೋಗೆ ಕಲ್ಲಿನಿಂದಲೇ 31 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗೂಡಿನಿಂದ ಮೇಲಕ್ಕೆ ಹೋಗಿದೆ. ಅದರಲ್ಲಿ ಬಹುಪಾಲನ್ನು ಗೋಡೆ ನಿಧಾನವಾಗಿ ವಾಪಸು ಪಡೆಯುತ್ತದೆ. ಗೂಡಿಗೆ ಉರಿಸಿದ ಸೌದೆ, ಕಲ್ಲಿದ್ದಲಿನ ಹೊಗೆ ವಾಪಸು ಬರುವುದಿಲ್ಲ. ಸಿಮೆಂಟಿಗೆ ಬೇಕಾದ ಶಾಖ 1450 ಡಿಗ್ರಿ; ಪ್ರಪಂಚದ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಆ ಉದ್ಯಮದ್ದು. ಆದರೆ ನನ್ನ ಗೋಡೆಗೆ ಬೇಕಿದ್ದುದು ಒಂದೂವರೆ ಮೂಟೆ ಸಿಮೆಂಟು. ಒಂದೇ ಸಲ ಹಾಕುವುದಾದರೆ ವ್ಯತ್ಯಾಸ ದೊಡ್ಡದೇನಲ್ಲ. ಕೆಲವೇ ವರ್ಷಕ್ಕೊಮ್ಮೆ ಕಿತ್ತು ಎಸೆದು ಹೊಸದು ಹಾಕಿದ್ದರಲ್ಲ, ಉಳಿತಾಯವಿರುವುದು ಅದನ್ನು ನಿಲ್ಲಿಸುವುದರಲ್ಲಿ. ಇದೇ ಕಾರಣಕ್ಕೆ ನನ್ನ ವಾಸ್ಕೊದ ಫ್ಲ್ಯಾಟಿನ ಕಾಂಕ್ರೀಟಿಗೆ ನಾನು ಸುಣ್ಣದ ಗಾರೆ ಹಾಕಲು ಹೋಗುವುದಿಲ್ಲ. ಅಲ್ಲಿನ ಕಾಯಿಲೆ ಬೇರೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು.

ಖರ್ಚು: ಗೌಂಡಿಯ ಕೂಲಿ ಹನ್ನೊಂದು ದಿನಕ್ಕೆ 12,100 ರೂಪಾಯಿ. ಸುಣ್ಣ, ಮರಳು, ಜಲ್ಲಿ, ಸಾಗಾಟ ಎಲ್ಲ ಸೇರಿ 4,300. ತಗಡಿನ ದೋಣಿ 3,800. ಕೂಡಿಸಿದರೆ ವಾಟರ್‌ಪ್ರೂಫಿಂಗಿನವರು ಹೇಳಿದ ಮೊತ್ತಕ್ಕೆ ಹತ್ತಿರವೇ ಬಂತು. ಅವರು ಐದು ದಿನ ಕೇಳಿದ್ದರು, ನನಗೆ ಐದು ತಿಂಗಳು ಹಿಡಿಯಿತು.

ಬಣ್ಣಕ್ಕೆ ಸುಣ್ಣದ ತಿಳಿಯೇ. ಮಜ್ಜಿಗೆಯಷ್ಟು ತೆಳ್ಳಗೆ, ಐದು ಕೋಟು. ಬಳಿಯುವಾಗ ನೀರು ಬಳಿದಂತೆ ಏನೂ ಕಾಣುವುದಿಲ್ಲ, ಮೋಸ ಹೋದೆನೇ ಅನ್ನಿಸುತ್ತದೆ; ಮರುದಿನ ಬೆಳಿಗ್ಗೆ ಬೆಳ್ಳಗಿರುತ್ತದೆ. ಹೊರಗಿನ ಬುಡಕ್ಕೆ ಕೆಮ್ಮಣ್ಣು ಬೆರೆಸಿ ಪಟ್ಟಿ ಎಳೆದೆವು. ಗೋವಾದ, ಉತ್ತರ ಕನ್ನಡದ ದೇವಸ್ಥಾನಗಳ ಕಾವಿ ಚಿತ್ರಗಳ ಅದೇ ಕೆಂಪು, ಚಿತ್ರ ಮಾತ್ರ ಇಲ್ಲ. ಮಳೆಯ ಕೆಸರು ಚಿಮ್ಮಿದರೂ ಕಾಣುವುದಿಲ್ಲ ಎಂಬುದು ನೆರೆಮನೆಯ ಅಜ್ಜಿಯ ಕಾರಣ. ಅವರು ಅದೇ ಸಂದರ್ಭದಲ್ಲಿ ಎಲೆಯಡಿಕೆಗೆಂದು ಡ್ರಮ್ಮಿನಿಂದ ಒಂದು ಕರಡಿಗೆ ಸುಣ್ಣ ಕೇಳಿದರು. ಕಬ್ಬಿಣದ ಡ್ರಮ್ಮಿನದು, ತಿನ್ನಲು ಬೇಡ ಎಂದೆ. ಜಿಪುಣ ಎಂದುಕೊಂಡಿರಬಹುದು.

ಜೂನ್ ಬಂತು. ಮಳೆ ಹಿಡಿದ ಮೊದಲ ವಾರ ದಿನಾ ರಾತ್ರಿ ಟಾರ್ಚು ಹಿಡಿದು ಗೋಡೆ ನೋಡುತ್ತಿದ್ದೆ. ಆಗಸ್ಟ್ ಕೊನೆಗೆ ತೇವದ ಗೆರೆ 110ರಿಂದ 35 ಸೆಂಟಿಮೀಟರಿಗೆ ಇಳಿದು ನಿಂತಿದೆ. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ನೆಲ ಇರುವವರೆಗೆ ಕಲ್ಲು ನೀರು ಕುಡಿಯುತ್ತದೆ. ಸಂಜೆ ಗಾಢವಾಗಿ ಕಾಣುವ ಆ ಗೆರೆ ಬಿಸಿಲು ಬಂದ ದಿನ ಮಸುಕಾಗುತ್ತದೆ. ವಾಸನೆ ಇಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇವೆ. ದಕ್ಷಿಣದ ಮೂಲೆಯಲ್ಲಿ ಅಂಗೈಯಗಲ ಉಪ್ಪು ಮತ್ತೆ ಎದ್ದಿದೆ. ಆ ಮೂಲೆಯ ಆಚೆ ಬದಿಗೆ ಬಚ್ಚಲುಮನೆ, ಅಲ್ಲಿ ತಲೆಮಟ್ಟದವರೆಗೆ ಸಿಮೆಂಟು ಮತ್ತು ಟೈಲು.

ಡ್ರಮ್ಮಿನಲ್ಲಿ ಇನ್ನೂ ಹತ್ತು ಲೀಟರಿನಷ್ಟು ಬೆಣ್ಣೆ ಸುಣ್ಣ ಉಳಿದಿದೆ. ಮೇಲೆ ನೀರು ಇದೆಯೇ ನೋಡಿ, ಒಣಗಲು ಬಿಡಬೇಡಿ ಎಂದು ಗೌಂಡಿ ಊರಿನಿಂದ ಫೋನು ಮಾಡಿದ್ದರು. ದಸರಾ ಕಳೆದು ಬರುತ್ತಾರಂತೆ. ಬಚ್ಚಲುಮನೆಯ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.